ಊರಿನ ಸಂಘಗಳನ್ನು ಜೋಡಿಸಿ ದೊಡ್ಡವರಿಗೆ ಓದು ಬರಹ ಕಲಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಗದಗ ಜಿಲ್ಲೆಯ ಯಾವುದಾದರೂ ಹಳ್ಳಿಗೆ ಹೋಗಿ ಅಲ್ಲಿರುವ ಸಂಘಗಳನ್ನು ಎಣಿಸಿ ನೋಡಿ. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘ, ಸಂಜೀವಿನಿ ಒಕ್ಕೂಟ, ಹಾಲಿನ ಡೇರಿ, ಯುವಕ ಮಂಡಳ, ಭಜನಾ ಮಂಡಳಿ, ಶಾಲೆಯ ಎಸ್‌ಡಿಎಂಸಿ. ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಂಘ ಕಟ್ಟುವುದನ್ನು ಈ ಭಾಗದ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ 2011ರ ಜನಗಣತಿ ಹೊತ್ತಿಗೆ ಈ ಜಿಲ್ಲೆಯಲ್ಲಿ ಓದು ಬರಹ ಬಲ್ಲ ಗಂಡಸರು ಸುಮಾರು ಶೇ 85, ಹೆಂಗಸರು ಸುಮಾರು ಶೇ 65. ಧಾರವಾಡ, ಹಾವೇರಿ ಜಿಲ್ಲೆಗಳ ಒಟ್ಟು ಅಂಕಿ ಸ್ವಲ್ಪ ಮೇಲಿದೆ. ಆದರೆ ಗಂಡು ಹೆಣ್ಣಿನ ನಡುವಿನ ಅಂತರ ಅಲ್ಲೂ ಹತ್ತಕ್ಕಿಂತ ಜಾಸ್ತಿ.

ಅಂದರೆ ಸಂಘಗಳಿಗೆ ಕೊರತೆಯಿಲ್ಲ. ಒಂದು ಸಂಘ ಮಾಡುವ ಕೆಲಸ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಅಕ್ಷರ ಕಲಿಸಬೇಕು ಅನ್ನುವ ಮನಸ್ಸಿದ್ದರೆ ದಯವಿಟ್ಟು ಇನ್ನೊಂದು ಹೊಸ ಸಂಘ ಹುಟ್ಟುಹಾಕಬೇಡಿ. ಇರುವವರ ನಡುವೆ ಕೆಲಸ ಹಂಚಿ. ಅದನ್ನು ಮಾಡುವ ಬಗೆ ಇಲ್ಲಿದೆ. ಒಂದು ಗ್ರಾಮ ಪಂಚಾಯ್ತಿ ಅಥವಾ ಹುಬ್ಬಳ್ಳಿ-ಧಾರವಾಡದಂಥ ಊರಿನ ಒಂದು ಓಣಿ, ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹೆಜ್ಜೆ 1: ಯಾರ ಹತ್ತಿರ ಏನಿದೆ ಅಂತ ತಿಳಿದುಕೊಳ್ಳಿ

ಒಂದು ನೋಟ್‌ಬುಕ್ ಹಿಡಿದು ವಾರವೊಂದು ಸುಮ್ನೆ ಓಡಾಡಿ. ಪ್ರತಿ ಸಂಘದ ಬಗ್ಗೆ ಮೂರೇ ವಿಷಯ ಬರೆದುಕೊಳ್ಳಿ. ಯಾವ ದಿನ, ಯಾವ ಹೊತ್ತಿಗೆ ಸೇರುತ್ತಾರೆ? ಪುಸ್ತಕ ಬರೆಯುವವರು ಯಾರು? ಸೇರುವ ಜಾಗ ಯಾವುದು?

ಎರಡನೆಯ ಪ್ರಶ್ನೆ ತುಂಬ ಮುಖ್ಯ. ಸ್ವಸಹಾಯ ಸಂಘದಲ್ಲಿ ನಡಾವಳಿ ಮತ್ತು ಉಳಿತಾಯದ ಪುಸ್ತಕ ಬರೆಯುವ ಹೆಣ್ಣುಮಗಳು ಹತ್ತನೆಯ ತರಗತಿಯೋ ಪಿಯುಸಿಯೋ ಓದಿರುತ್ತಾಳೆ. ಸಂಘದ ಉಳಿದವರಿಗೆ ಅವಳ ಮೇಲೆ ನಂಬಿಕೆ ಇರುತ್ತದೆ. ನಿಮ್ಮ ಮೊದಲ ಶಿಕ್ಷಕಿ ಅವಳೇ. ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ (ಒಕ್ಕೂಟದ ಮುಖ್ಯ ಪುಸ್ತಕ ಬರೆಯುವವರು), ಎಲ್‌ಸಿಆರ್‌ಪಿ (ಸಂಘಗಳಿಗೆ ನೆರವಾಗುವ ಸ್ಥಳೀಯ ಸಂಪನ್ಮೂಲ ವ್ಯಕ್ತಿ) ಅಂತ ಇರುತ್ತಾರೆ. ಅವರಿಗೆ ಎಲ್ಲ ಸಂಘಗಳ ಪರಿಚಯ ಇರುವುದರಿಂದ ಅವರನ್ನು ಮೊದಲು ಕಾಣಿ. ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಬಾಯಿಪಾಠ. ಆದರೆ ಅವರಿಗೆ ಈಗಾಗಲೇ ಮೈತುಂಬ ಕೆಲಸ ಇದೆ. ಪಟ್ಟಿ ಮಾಡಲು ನೆರವು ಕೇಳಿ, ಕಲಿಸುವ ಹೊರೆ ಹೊರಿಸಬೇಡಿ.

ಗ್ರಾಮ ಪಂಚಾಯ್ತಿ ಗ್ರಂಥಾಲಯವನ್ನು ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಬೆಳಕು, ಕುರ್ಚಿ, ಪುಸ್ತಕ, ಒಬ್ಬ ಮೇಲ್ವಿಚಾರಕರು ಎಲ್ಲ ಇರುತ್ತಾರೆ. ಕಲಿತವರು ಮುಂದೆ ಓದಲು ಹೋಗಬೇಕಾದ ಜಾಗವೂ ಅದೇ. ಪೇಟೆ ಕಡೆಯಾದರೆ ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರು ಸಿಗುತ್ತಾರೆ. ಉತ್ಸಾಹ ಇರುತ್ತದೆ, ಆದರೆ ಪರೀಕ್ಷೆ ಬಂತೆಂದರೆ ಕಾಣುವುದಿಲ್ಲ. ಅವರನ್ನು ಸಮೀಕ್ಷೆಗೆ, ಪ್ರಚಾರಕ್ಕೆ ಬಳಸಿ. ದಿನದ ತರಗತಿಗೆ ಅದೇ ಓಣಿಯವರೇ ಬೇಕು.

ಹೆಜ್ಜೆ 2: ಸರ್ಕಾರದ ಕಾರ್ಯಕ್ರಮದ ಜೊತೆ ಕೊಂಡಿ ಹಾಕಿ

ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗೆ ಅಂತ ಹಾಕಿಕೊಂಡಿರುವಂಥದ್ದು. ಉಲ್ಲಾಸ್ ಅನ್ನುವ ಹೆಸರಿನಲ್ಲಿ ನಡೆಯುತ್ತದೆ. 15 ವರ್ಷ ಮೇಲ್ಪಟ್ಟ, ಓದು ಬರಹ ಬಾರದ ಯಾರೂ ಸೇರಬಹುದು. ಕಲಿಸುವವರಿಗೆ ಸಂಬಳ ಇಲ್ಲ, ಸ್ವಯಂಸೇವೆ. ರಾಜ್ಯದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯ ಇದನ್ನು ನೋಡಿಕೊಳ್ಳುತ್ತದೆ. ಜಿಲ್ಲೆಯಲ್ಲಿ ವಯಸ್ಕರ ಶಿಕ್ಷಣಾಧಿಕಾರಿಯನ್ನು ಕಂಡು ನಿಮ್ಮ ಊರಿನ ಕಲಿಯುವವರ ಹೆಸರು ನೋಂದಾಯಿಸಿ, ಪಠ್ಯ ಎಷ್ಟು ಪ್ರತಿ ಸಿಗುತ್ತದೆ ಕೇಳಿ. ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ ಒಂದು ಪತ್ರ ಕೊಡಿ. ಪುಸ್ತಕ ಬರಲಿ ಅಂತ ಕಾಯುತ್ತ ಕೂರಬೇಡಿ. ಸ್ಲೇಟು, ಬಳಪ ಇದ್ದರೆ ಮೊದಲ ಕೆಲವು ವಾರ ನಡೆಯುತ್ತದೆ.

ಹೆಜ್ಜೆ 3: ಮನೆ ಮನೆ ಪಟ್ಟಿ, ಆದರೆ ಕೇಳುವ ರೀತಿ ಬೇರೆ

"ನಿಮಗ ಓದಾಕ ಬರತೈತೇನ್ರಿ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಅರ್ಧ ಜನ "ಬರತೈತಿ" ಅನ್ನುತ್ತಾರೆ. ಸೊಸೆಯ ಎದುರು ಅತ್ತೆ, ಹೆಂಡತಿಯ ಎದುರು ಗಂಡ ಹೇಗೆ ಒಪ್ಪಿಕೊಂಡಾರು? ಬೇರೆ ರೀತಿ ಕೇಳಿ. "ಬಸ್ ಬೋರ್ಡ್ ನೀವ ನೋಡ್ತೀರೋ, ಮಂದೀನ್ ಕೇಳ್ತೀರೋ?" "ಗೃಹಲಕ್ಷ್ಮಿ ರೊಕ್ಕ ಬಂದಿದ್ದು ಮೊಬೈಲ್‌ನ್ಯಾಗ ಯಾರು ನೋಡ್ತಾರ?" ಆಗ ಮಾತು ತಾನಾಗಿಯೇ ಬರುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ ಓಡಾಟ ಹೆಚ್ಚಾಗಿದೆ. ಹುಬ್ಬಳ್ಳಿ ನಿಲ್ದಾಣದಲ್ಲಿ "ಇದು ಎಲ್ಲಿಗೆ ಹೋಗತೈತ್ರಿ" ಅಂತ ಕೇಳುತ್ತ ನಿಲ್ಲುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಹೆಂಗಸರನ್ನು ಹೆಂಗಸರೇ ಕೇಳಲಿ, ಒಬ್ಬೊಬ್ಬರನ್ನೇ ಕೇಳಲಿ. ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆಮಾತು, ಯಾವ ಸಂಘದ ಸದಸ್ಯೆ, ಯಾವ ಹೊತ್ತು ಬಿಡುವು ಇಷ್ಟು ಸಾಕು. "ಏನು ಓದಲು ಬಂದರೆ ನಿಮಗೆ ಉಪಯೋಗ?" ಅನ್ನುವ ಒಂದು ಪ್ರಶ್ನೆ ಇರಲೇಬೇಕು. ಆ ಉತ್ತರಗಳೇ ಮುಂದೆ ನಿಮ್ಮ ಪಾಠ. ಈ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಹೆಜ್ಜೆ 4: ಒಂದು ಪುಟದ ಒಪ್ಪಂದ

ಈಗ ಎಲ್ಲ ಸಂಘಗಳಿಂದ ಇಬ್ಬಿಬ್ಬರನ್ನು ಕರೆದು ಒಂದು ಸಭೆ. ವೇದಿಕೆ, ಹಾರ, ಬ್ಯಾನರ್ ಏನೂ ಬೇಡ. ವೇದಿಕೆ ಹಾಕಿದರೆ ಮೇಲೆ ಯಾರು ಕೂರಬೇಕು ಅನ್ನುವ ಚರ್ಚೆಯಲ್ಲೇ ಸಂಜೆ ಕಳೆಯುತ್ತದೆ. ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ, ಎಲ್ಲರೂ ದುಂಡಗೆ ಕೂರಿ.

ಸಭೆಯಿಂದ ಹೊರಗೆ ಬರುವಾಗ ಕೈಯಲ್ಲಿ ಒಂದೇ ಒಂದು ಪುಟ ಇರಬೇಕು. ಯಾರು ಏನು ಮಾಡುತ್ತಾರೆ, ಯಾವಾಗಿನಿಂದ. ನಮ್ಮ ಕಡೆ ಹೊಂದುವ ಹಂಚಿಕೆ ಹೀಗಿದೆ. ಸ್ವಸಹಾಯ ಸಂಘಗಳು ಕಲಿಯುವವರನ್ನು ಕರೆತರುವುದು, ಕಲಿಸುವವರನ್ನು ಕೊಡುವುದು. ಪಂಚಾಯ್ತಿ ಜಾಗ, ದೀಪ, ಬೀಗದ ಕೈ ಕೊಡುವುದು. ಶಾಲೆಯ ಒಬ್ಬ ಶಿಕ್ಷಕರು ತಿಂಗಳಿಗೆ ಎರಡು ಸಲ ಬಂದು ಕಲಿಸುವವರಿಗೆ ಕಲಿಸುವುದು. ಯುವಕ ಮಂಡಳದವರು ರಾತ್ರಿ ತರಗತಿ ಮುಗಿದ ಮೇಲೆ ದೂರದ ಓಣಿಯವರನ್ನು ಮನೆ ಮುಟ್ಟಿಸುವುದು, ಗಂಡಸರ ಗುಂಪು ನಡೆಸುವುದು. ಡೇರಿಯವರು ಹಾಲಿನ ಚೀಟಿಯನ್ನು ಪಾಠಕ್ಕೆ ಕೊಡುವುದು. ಮಠ, ಮಸೀದಿ ಕಮಿಟಿ, ಚರ್ಚ್ ಇವರು ಪ್ರಾರ್ಥನೆ ಪ್ರವಚನದ ಕೊನೆಗೆ ಎರಡು ಮಾತು ಹೇಳುವುದು. ಹಿರಿಯರ ಬಾಯಿಂದ "ನಿಮ್ಮ ಮನಿ ಹೆಣಮಕ್ಕಳನ್ನ ಕಳಸ್ರಿ" ಅಂತ ಒಂದು ಮಾತು ಬಂದರೆ ನಾವು ಓಣಿ ಓಣಿ ತಿರುಗಿ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಸಂಯೋಜಕರು ಒಬ್ಬರೇ ಇರಲಿ. ಅವರು ಯಾವ ಪಕ್ಷದಲ್ಲೂ ಓಡಾಡುವವರಾಗಬಾರದು. ಪಂಚಾಯ್ತಿ ಚುನಾವಣೆ ಹತ್ತಿರ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಹಣ ಬಂದರೆ ಸಂಯೋಜಕರ ಕೈಯಲ್ಲಿ ಇರಬಾರದು. ಒಕ್ಕೂಟದ ಖಾತೆಗೆ ಹೋಗಲಿ, ಖರ್ಚನ್ನು ಪ್ರತಿ ತಿಂಗಳು ಓದಿ ಹೇಳಲಿ.

ಹೆಜ್ಜೆ 5: ಜಾಗ ಮತ್ತು ಹೊತ್ತು

ಯಾರಿಗೂ ಕಾಲಿಡಲು ಹಿಂಜರಿಕೆ ಆಗದ ಜಾಗ ಬೇಕು. ಗುಡಿಯ ಕಟ್ಟೆ ಎಷ್ಟು ಚೆನ್ನಾಗಿದ್ದರೂ ಕೆಲವರು ಅಲ್ಲಿಗೆ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಶಾಲೆ ಅಥವಾ ಗ್ರಂಥಾಲಯ ಒಳ್ಳೆಯದು. ಊರು ದೊಡ್ಡದಾದರೆ ಓಣಿಗೊಂದು ಗುಂಪು, ಗುಂಪಿಗೆ ಹತ್ತು ಜನ.

ಹೊತ್ತನ್ನು ನೀವು ನಿಗದಿ ಮಾಡಬೇಡಿ, ಅವರೇ ಮಾಡಲಿ. ಹೊಲಕ್ಕೆ ಹೋಗುವವರಿಗೆ ರೊಟ್ಟಿ ಬಡಿದು, ಉಂಡು, ಪಾತ್ರೆ ತೊಳೆದ ಮೇಲೆಯೇ ಬಿಡುವು. ಮನೆಯಲ್ಲಿರುವವರಿಗೆ ಮಧ್ಯಾಹ್ನ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ನೀರು ಬಿಟ್ಟ ದಿನ ತರಗತಿಗೆ ಯಾರೂ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ತಪ್ಪು.

ಇನ್ನು ಸುಗ್ಗಿ. ದೇಶದ ಸಾಕ್ಷರತಾ ಆಂದೋಲನ 1988ರಲ್ಲಿ ಶುರುವಾದಾಗಿನಿಂದ ಮೂಲ ಓದು ಬರಹಕ್ಕೆ ಸುಮಾರು 200 ಗಂಟೆ ಅನ್ನುವ ಲೆಕ್ಕ ಬಳಕೆಯಲ್ಲಿದೆ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಹಿಡಿದರೆ ಆರೇಳು ತಿಂಗಳು. ಆದರೆ ಆಗಸ್ಟ್‌ನಲ್ಲಿ ಹೆಸರುಕಾಳು ಬಿಡಿಸಬೇಕು, ಆಮೇಲೆ ಉಳ್ಳಾಗಡ್ಡಿ, ಆಮೇಲೆ ಹತ್ತಿ, ಬ್ಯಾಡಗಿ ಕಡೆ ಮೆಣಸಿನಕಾಯಿ, ಫೆಬ್ರುವರಿ ಮಾರ್ಚ್‌ನಲ್ಲಿ ಕಡಲೆ, ಜೋಳ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಹೀಗಾಗಿ ತಿಂಗಳ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಇಡಿ. ಹಿಂಗಾರಿ ಸುಗ್ಗಿ ಮುಗಿದು ಯುಗಾದಿ ಆದ ಮೇಲೆ ಶುರು ಮಾಡಿದರೆ ಮಳೆ ಬೀಳುವವರೆಗೆ ಒಳ್ಳೆಯ ಓಟ ಸಿಗುತ್ತದೆ. ಸುಗ್ಗಿಯಲ್ಲಿ ವಾರಕ್ಕೆ ಎರಡೇ ದಿನ ಇಟ್ಟುಕೊಳ್ಳಿ, ಪೂರ್ತಿ ನಿಲ್ಲಿಸಬೇಡಿ. ಪೂರ್ತಿ ನಿಂತ ತರಗತಿಯನ್ನು ಮತ್ತೆ ಎಬ್ಬಿಸುವುದು ಹೊಸದಾಗಿ ಶುರು ಮಾಡುವುದಕ್ಕಿಂತ ಕಷ್ಟ.

ಹೆಜ್ಜೆ 6: ಮೊದಲು ಕಣ್ಣು ತೋರಿಸಿ

ಇದನ್ನು ಬೇರೆ ಹೆಜ್ಜೆಯಾಗಿಯೇ ಬರೆಯಲು ಕಾರಣ ಇದೆ. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಮಂಜಾಗುವುದು ಸಹಜ. ಓದುವ ರೂಢಿ ಇದ್ದವರು ಬೇಗ ಗಮನಿಸುತ್ತಾರೆ. ಅಕ್ಷರವನ್ನೇ ಹಿಡಿಯದವರಿಗೆ ಅದು ಗೊತ್ತೇ ಆಗಿರುವುದಿಲ್ಲ, ಬಹಳವೆಂದರೆ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿರುತ್ತಾರೆ. ತರಗತಿಗೆ ಬಂದು ಕೂತಾಗ ಪುಸ್ತಕದ ಸಾಲು ಒಂದರೊಳಗೊಂದು ಕಲಸಿಹೋಗುತ್ತದೆ. "ನನ್ನ ತಲಿಗೆ ಹತ್ತವಲ್ದು ಬಿಡವ್ವಾ" ಅಂತ ಎದ್ದು ಹೋಗುತ್ತಾರೆ. ತೊಂದರೆ ತಲೆಯದಲ್ಲ, ಕಣ್ಣಿನದು.

ತರಗತಿ ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಒಂದು ಕಣ್ಣು ತಪಾಸಣೆ ಮಾಡಿಸಿ. ಓದುವ ಕನ್ನಡಕಕ್ಕೆ ಊರಿನ ದಾನಿಗಳು ಸಂತೋಷದಿಂದ ಕೊಡುತ್ತಾರೆ. ನನ್ನನ್ನು ಕೇಳಿದರೆ ಬ್ಯಾಗು, ನೋಟ್‌ಬುಕ್ ಹಂಚುವ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೆ.

ಹೆಜ್ಜೆ 7: ಮೊದಲ ವಾರದ ಅಕ್ಷರಗಳು

ಅ ಆ ಇ ಈ ಅಂತ ಶುರು ಮಾಡಬೇಡಿ. ಅರವತ್ತು ವರ್ಷದ ಅವ್ವನನ್ನು ಅಂಗನವಾಡಿ ಮಗುವಿನಂತೆ ರಾಗ ಎಳೆಸಿದರೆ ಎರಡನೆಯ ದಿನ ಬರುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಅಂತ ಶುರುವಾಗುವ ಕ್ರಮ ಇದೆ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಪದ ಆಗುತ್ತದೆ. ದೊಡ್ಡವರಿಗೂ ಇದೇ ಸರಿ. ನೋಡಿ, ಈ ಐದರಲ್ಲೇ ಎಷ್ಟಿದೆ: ದರ, ಸರ, ಅರಸ, ಗರಗ, ಗದಗ.

ಗದಗ! ಎರಡೇ ಅಕ್ಷರ ಗೊತ್ತಿದ್ದರೆ ಬಸ್ಸಿನ ಬೋರ್ಡ್ ಓದಬಹುದು. ಧಾರವಾಡ ತಾಲ್ಲೂಕಿನವರಿಗೆ ಗರಗ, ರಾಷ್ಟ್ರಧ್ವಜದ ಖಾದಿ ನೇಯುವುದಕ್ಕೆ ಹೆಸರಾದ ಊರು. ಮೊದಲ ವಾರ ಮುಗಿಯುವ ಮುಂಚೆ ಕಲಿಯುವವರನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ. ಸಾಲಾಗಿ ನಿಂತ ಬಸ್ಸುಗಳಲ್ಲಿ "ಅದು ಗದಗ ಐತಿ" ಅಂತ ತಾವೇ ಗುರುತು ಹಿಡಿದವರು ಮರುದಿನ ತಪ್ಪಿಸುವುದಿಲ್ಲ.

ಎರಡನೆಯ ಕಂತು ಜ, ವ, ಮ, ಬ, ನ. ಈಗ ಜನ, ದನ, ಮಗ, ಮರ, ಬರ, ಬಸವ ಎಲ್ಲ ಬರುತ್ತವೆ. ಒಂದೊಂದು ಪದ ಬರೆಸುವ ಮುಂಚೆ ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ. "ಬರ" ಅಂದರೆ ಮುಂಡರಗಿ, ರೋಣದ ಕಡೆಯವರಿಗೆ ಹೇಳಿ ಮುಗಿಯದಷ್ಟು ಇರುತ್ತದೆ. "ದರ" ಅಂದರೆ ಹೋದ ಸಂತೆಯಲ್ಲಿ ಉಳ್ಳಾಗಡ್ಡಿ ಏನಾಯಿತು ಅನ್ನುವ ಸಿಟ್ಟು. ಮಾತು ಕಾವೇರಿದ ಮೇಲೆ ಹಲಗೆಯ ಮೇಲೆ ಆ ಪದ ಬರೆದರೆ ಅದು ಮರೆಯುವುದಿಲ್ಲ.

ಕೈ ತಿರುಗುವುದಿಲ್ಲ ಅನ್ನುವವರಿಗೆ ಬಳಪ ಕೊಡುವ ಮೊದಲು ರಂಗೋಲಿ ಪುಡಿ ಕೊಡಿ. ದಿನಾ ಬೆಳಗ್ಗೆ ಬಾಗಿಲ ಮುಂದೆ ಸುಳಿ, ಬಳ್ಳಿ ಎಳೆಯುವ ಕೈ ಅದು. ನೆಲದ ಮೇಲೆ ದೊಡ್ಡದಾಗಿ ಗ, ರ, ಸ ಬಿಡಿಸಲಿ. ಆಮೇಲೆ ಸ್ಲೇಟು, ಆಮೇಲೆ ಅಗಲ ಗೆರೆಯ ನೋಟ್‌ಬುಕ್. ಪೆನ್ಸಿಲ್ ಮುರಿಯುವಷ್ಟು ಒತ್ತುತ್ತಾರೆ, ಅದಕ್ಕೆ ಏನೂ ಅನ್ನಬೇಡಿ, ತಾನಾಗಿ ಹಗುರಾಗುತ್ತದೆ.

ಲೆಕ್ಕದಲ್ಲಿ ಅವರು ನಿಮಗಿಂತ ಚುರುಕು. ಸಂತೆಯಲ್ಲಿ ಬಾಯಿಲೆಕ್ಕ ಹಾಕಿ ಚಿಲ್ಲರೆ ಎಣಿಸುವವರು. ಬಾರದ್ದು ಬರೆಯುವುದು ಮಾತ್ರ. ನೂರಾ ಐದು ಅಂದರೆ 1005 ಅಂತ ಬರೆಯುತ್ತಾರೆ, ಕಿವಿಗೆ ಬಿದ್ದ ಹಾಗೆ ನೂರು, ಪಕ್ಕದಲ್ಲಿ ಐದು. ಇದನ್ನು ತಿದ್ದಲು ನೋಟು ನಾಣ್ಯ ತನ್ನಿ. ನೂರರ ನೋಟು ಒಂದು, ಹತ್ತರದು ಇಲ್ಲ, ಐದು ರೂಪಾಯಿ. ಇಲ್ಲದ ಹತ್ತರ ಜಾಗದಲ್ಲಿ ಸೊನ್ನೆ. ಪಾಸ್‌ಬುಕ್, ಹಾಲಿನ ಚೀಟಿ, ಎಪಿಎಂಸಿಯ ತೂಕದ ಚೀಟಿ, ಕರೆಂಟ್ ಬಿಲ್ಲು ಇವೇ ಲೆಕ್ಕದ ಪುಸ್ತಕ.

ಕಲಿಸುವವರಿಗೆ ಶುರುವಿನಲ್ಲಿ ಎರಡು ಮೂರು ದಿನದ ತರಬೇತಿ ಕೊಡಿ. ಅಲ್ಲಿ ಪಾಠಕ್ಕಿಂತ ಹೆಚ್ಚಾಗಿ ಒಂದು ವಿಷಯ ಒತ್ತಿ ಹೇಳಿ: ದೊಡ್ಡವರನ್ನು ಎಲ್ಲರೆದುರು ಎಬ್ಬಿಸಿ ಓದಿಸಬಾರದು. "ದೊಡ್ಡವ್ವ, ಈ ಸಾಲು ಇಬ್ಬರೂ ಕೂಡೇ ಓದೂಣು ಬರ್ರಿ" ಅಂತ ಪಕ್ಕದಲ್ಲಿ ಕೂತು ಬೆರಳಿಟ್ಟು ಓದಬೇಕು.

ಹೆಜ್ಜೆ 8: ತಾಂಡಾ, ಉರ್ದು ಮನೆಗಳು, ಗಂಡಸರು

ಶಿರಹಟ್ಟಿ, ಗಜೇಂದ್ರಗಡ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಹಳೇ ಹುಬ್ಬಳ್ಳಿ, ಸವಣೂರಿನ ಎಷ್ಟೋ ಮನೆಗಳಲ್ಲಿ ಉರ್ದು. ಅವರಿಗೆ ಲಿಪಿಯ ಜೊತೆ ಭಾಷೆಯೂ ಅರ್ಧ ಹೊಸದು. ಅಲ್ಲಿ ಕಲಿಸುವವರು ಅದೇ ಮನೆಮಾತಿನವರೇ ಆಗಬೇಕು. ತಾಂಡಾಕ್ಕೆ ಹೋಗುವ ಮೊದಲು ಅಲ್ಲಿನ ಮುಖಂಡರಾದ ನಾಯಕ, ಕಾರಭಾರಿ ಅವರನ್ನು ಕಂಡು ಮಾತಾಡಿ. ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರಿದ್ದರೆ ಅವರು ಊರಲ್ಲಿರುವ ತಿಂಗಳು ನೋಡಿ ಬೇರೆ ಗುಂಪು ಮಾಡಿ. ಹೋಗುವಾಗ ಪುಸ್ತಕ ಕೈಗೆ ಕೊಡಿ, ಜೊತೆಗೆ ಹೋಗುವ ಓದಿದ ಹುಡುಗನಿಗೆ ಜವಾಬ್ದಾರಿ ಕೊಡಿ.

ಗಂಡಸರು ಹೆಂಗಸರ ಜೊತೆ ಕೂತು ಕಲಿಯುವುದಿಲ್ಲ. ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಗಾಡಿ ಬರುವವರೆಗೆ ನೆರಳಲ್ಲಿ ಕೂತಿರುತ್ತಾರೆ. ಆ ಹೊತ್ತೇ ತರಗತಿ. ಚೀಲದ ಮೇಲಿನ ಹೆಸರು, ತೂಕ, ಚೀಟಿ ಅಲ್ಲೇ ಇರುತ್ತವೆ.

ಹೆಜ್ಜೆ 9: ತಿಂಗಳ ಸಭೆ, ಬಿಟ್ಟವರ ಪಟ್ಟಿ

ಕಲಿಸುವವರು ದಿನವೂ ಹಾಜರಿ ಹಾಕಲಿ. ಮೂರು ದಿನ ಸತತವಾಗಿ ಬಾರದವರ ಮನೆಗೆ ಅವರದೇ ಸಂಘದ ಗೆಳತಿ ಹೋಗಿ ವಿಚಾರಿಸಲಿ. ಶಿಕ್ಷಕಿ ಹೋದರೆ ತಪ್ಪು ಹುಡುಕಲು ಬಂದಂತೆ ಆಗುತ್ತದೆ. ಕಾರಣ ಬಹಳ ಸಲ ಸಣ್ಣದಿರುತ್ತದೆ: ಮೊಮ್ಮಗುವನ್ನು ನೋಡಿಕೊಳ್ಳುವವರಿಲ್ಲ, ಓಣಿಯ ದೀಪ ಹೋಗಿದೆ, ಗಂಡ ಗೊಣಗುತ್ತಾನೆ.

ತಿಂಗಳಿಗೊಮ್ಮೆ ಎಲ್ಲ ಸಂಘಗಳ ಪ್ರತಿನಿಧಿಗಳು ಮುಕ್ಕಾಲು ಗಂಟೆ ಸೇರಲಿ. ಮೊದಲು ಬಿಟ್ಟವರ ಪಟ್ಟಿ ಓದಿ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಯಾರು, ಯಾಕೆ ಬಿಟ್ಟರು ಅನ್ನುವುದರಲ್ಲಿ ಮಾಡಬೇಕಾದ ಕೆಲಸ ಕಾಣುತ್ತದೆ. ದೀಪ ಪಂಚಾಯ್ತಿಗೆ, ಮೊಮ್ಮಗು ಅಂಗನವಾಡಿಗೆ, ಗೊಣಗುವ ಗಂಡ ಯುವಕ ಮಂಡಳದ ಹಿರಿಯರಿಗೆ. ಮುಂದಿನ ಸಭೆಯಲ್ಲಿ ಹಿಂದಿನ ಸಲ ಒಪ್ಪಿಕೊಂಡಿದ್ದು ಆಯಿತೋ ಇಲ್ಲವೋ ಅಂತ ಹೆಸರು ಹಿಡಿದು ಕೇಳಿ. ಫೋಟೋ ಆಮೇಲೆ.

ಹೆಜ್ಜೆ 10: ಸಹಿಗೆ ನಿಲ್ಲಿಸಬೇಡಿ

ಎಷ್ಟೋ ಕಡೆ ಹೆಸರು ಬರೆಯಲು ಬಂತೆಂದರೆ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಇದು ನನಗೆ ತುಂಬ ನೋವಿನ ವಿಷಯ. ಜನಗಣತಿಯ ಪ್ರಕಾರವೂ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು ಮಾತ್ರ ಸಾಕ್ಷರರು. ಹೆಬ್ಬೆಟ್ಟು ಒತ್ತುವಾಗ ಯಾರಾದರೂ ಓದಿ ಹೇಳಬೇಕು, ಸಾಕ್ಷಿ ಹಾಕಬೇಕು ಅನ್ನುವ ಒಂದು ತಡೆ ಇರುತ್ತದೆ. ಸಹಿ ಬಂದು ಓದು ಬಾರದಿದ್ದರೆ ಆ ತಡೆಯೂ ಹೋಯಿತು. ಏನು ಬರೆದಿದೆ ಅಂತ ತಿಳಿಯದೆ ಸಾಲದ ಕಾಗದಕ್ಕೆ ಸಹಿ ಬೀಳುತ್ತದೆ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಾಗಾಗಿ ಸಾಲದ ಕಾರ್ಡು ಓದುವುದನ್ನು ಒಂದು ಪಾಠ ಮಾಡಿ: ಅಸಲು ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಯಾವ ತಾರೀಖು. ಓದಿ ಅರ್ಥವಾಗುವವರೆಗೆ ಸಹಿ ಬೇಡ ಅನ್ನುವ ನಿಯಮವನ್ನು ಸಂಘಗಳೇ ಮಾಡಿಕೊಳ್ಳಲಿ.

ಹೆಜ್ಜೆ 11: ಪರೀಕ್ಷೆ, ಆಮೇಲೆ

ಉಲ್ಲಾಸ್‌ನ ಮೌಲ್ಯಮಾಪನ 150 ಅಂಕದ್ದು. ಓದು, ಬರಹ, ಲೆಕ್ಕ ತಲಾ 50. ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ. ಪರೀಕ್ಷೆ ಅಂದರೆ ಹೆದರುವವರೇ ಹೆಚ್ಚು. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆಯನ್ನು ತರಗತಿಯಲ್ಲೇ ಒಂದೆರಡು ಸಲ ಬರೆಸಿ. ಆ ದಿನ ಸಂಘದವರೆಲ್ಲ ಜೊತೆಯಾಗಿ ಹೋಗಲಿ.

ಪರೀಕ್ಷೆ ಆದ ಮೇಲೆ ಓದು ಬಿಟ್ಟರೆ ಬೇಗ ಮರೆತುಹೋಗುತ್ತದೆ. ಇದನ್ನು ತಡೆಯುವ ಸುಲಭ ದಾರಿ ಸಂಘದ ನಡಾವಳಿ ಪುಸ್ತಕ. ಪ್ರತಿ ವಾರ ಹೊಸದಾಗಿ ಕಲಿತ ಒಬ್ಬರು ದಿನಾಂಕ, ಹಾಜರಿ, ಒಂದು ನಿರ್ಣಯ ಬರೆಯಲಿ, ಇನ್ನೊಬ್ಬರು ಹೋದ ವಾರದ್ದನ್ನು ಗಟ್ಟಿಯಾಗಿ ಓದಲಿ. ತಪ್ಪಿದ್ದರೆ ಪುಸ್ತಕ ಬರೆಯುವ ಹುಡುಗಿ ಪಕ್ಕದಲ್ಲಿ ತಿದ್ದಲಿ. ಗ್ರಂಥಾಲಯದಲ್ಲಿ ಅವರಿಗಾಗಿ ದೊಡ್ಡ ಅಕ್ಷರದ ಪುಸ್ತಕಗಳ ಒಂದು ಕಪಾಟು ಬೇರೆ ಇಡಲು ಮೇಲ್ವಿಚಾರಕರನ್ನು ಕೇಳಿ.

ಮುಂದೆ ಓದುತ್ತೇನೆ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ, ಹೆಚ್ಚಾಗಿ ಮೂವತ್ತರ ಆಸುಪಾಸಿನ ತಾಯಂದಿರು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಇಂಥವರಿಗೆ ಮೂರು ಹಂತ ಇವೆ: ಎ ಹಂತ ಮೂರನೆಯ ತರಗತಿಗೆ, ಬಿ ಐದಕ್ಕೆ, ಸಿ ಎಂಟಕ್ಕೆ ಸಮ. ಆಮೇಲೆ ಹತ್ತನೆಯ ತರಗತಿಗೂ ಅಲ್ಲೇ ಕಟ್ಟಬಹುದು. ಅವರ ಹೆಸರುಗಳನ್ನು ಬೇರೆ ಬರೆದುಕೊಂಡು, ಹತ್ತಿರದ ಅಧ್ಯಯನ ಕೇಂದ್ರ ಯಾವುದು, ಅರ್ಜಿಗೆ ಕೊನೆಯ ದಿನ ಯಾವುದು ಅಂತ ವಿಚಾರಿಸಿ, ಮುಂದಿನ ತಿಂಗಳ ಸಭೆಯಲ್ಲಿ ಶುಲ್ಕವನ್ನು ಯಾವ ಸಂಘ ಕಟ್ಟುತ್ತದೆ ಅನ್ನುವುದನ್ನು ತೀರ್ಮಾನಿಸಿ.